ಗುರುತು ಹಿಡಿದವಳು

ಜನವರಿ 9

ಅತ್ತೆಗೆ ನಮಸ್ಕಾರ.

ನಾವಿಬ್ಬರೂ ಕ್ಷೇಮ ಅಂತ ಬರೆಯುವುದು ರೂಢಿ, ಬರೆದಿದ್ದೇನೆ.

ಫೋನ್ ಯಾಕೆ ಸಿಗುತ್ತಿಲ್ಲ ಅಂತ ಗಾಬರಿಯಾಗಿದ್ದೀರೇನೋ. ಮಾರಿಬಿಟ್ಟೆ. ನಿಮ್ಮ ಮಗ ಮೊಬೈಲ್ ಆ್ಯಪ್‌ನಲ್ಲಿ ಸಾಲ ತೆಗೆದಿದ್ದರಲ್ಲ, ಆ ಜನ ದಿನವಿಡೀ ಕರೆ ಮಾಡುತ್ತಿದ್ದರು. ನಿಮಗೂ ಮಾಡಿ ಬಾಯಿಗೆ ಬಂದದ್ದು ಅಂದರು ಅಂತ ಹೇಳಿದ್ದಿರಿ. ಕಾಗದದ ಮೇಲೆ ಬೈಯುವಷ್ಟು ಪುರುಸೊತ್ತು ಅವರಿಗಿಲ್ಲ. ಇನ್ನು ಬರೆದುಕೊಳ್ಳೋಣ.

ಅವರು ಮನೆ ಬಿಟ್ಟು ಮೂರನೇ ತಿಂಗಳು ನಡೆಯುತ್ತಿದೆ. ರಿಪೇರಿಗೆ ಬಂದಿದ್ದ ಫ್ರಿಜ್ಜುಗಳನ್ನೆಲ್ಲ ಹಾಗೇ ಬಿಟ್ಟು, ಅಂಗಡಿಯ ಬೀಗದ ಕೈಯನ್ನು ಪಕ್ಕದ ಟೈಲರ್‌ಗೆ ಕೊಟ್ಟು, ‘ಒಂದು ಚಹಾ ಕುಡಿದು ಬರ್ತೀನಿ’ ಅಂದವರು. ಎಂಥ ದೊಡ್ಡ ಲೋಟವೋ ಏನೋ, ಇನ್ನೂ ಮುಗಿದಿಲ್ಲ.

ಅವರು ಇದ್ದಾಗ ಎಷ್ಟು ಸಾಲ ಇದೆ ಅಂತ ನನಗೆ ಗೊತ್ತಿರಲಿಲ್ಲ. ಹೋದ ಮೇಲೆ ಒಬ್ಬೊಬ್ಬರಾಗಿ ಬಂದು ಪರಿಚಯ ಮಾಡಿಕೊಂಡರು. ಅಂಗಡಿಯ ಮೇಲಿನ ಬ್ಯಾಂಕ್ ಸಾಲ ಒಂದು ನನಗೆ ಗೊತ್ತಿತ್ತು, ಅದಕ್ಕೆ ಜಾಮೀನು ಹಾಕಿದವಳು ನಾನೇ. ಆ್ಯಪ್‌ನವರ ಪರವಾಗಿ ಇಬ್ಬರು ವಸೂಲಿಗೆ ಬರುತ್ತಾರೆ. ಒಬ್ಬ ಬೂಟು, ಒಬ್ಬ ಚಪ್ಪಲಿ. ಹೆಸರು ಇಟ್ಟದ್ದು ನಿಮ್ಮ ಮೊಮ್ಮಗಳು ಮೆಣಸು. ಚಪ್ಪಲಿ ಮಾತಾಡುತ್ತಾನೆ, ಬೂಟು ಸುಮ್ಮನೆ ನೆಲ ಕುಟ್ಟುತ್ತಾನೆ.

ಆಸ್ಪತ್ರೆಯ ಲಾಂಡ್ರಿಯಲ್ಲಿ ನನಗೆ ಬರುವ ಸಂಬಳವನ್ನು ಸಿಟ್ಟಿನ ಪ್ರಕಾರ ಹಂಚುತ್ತೇನೆ. ಯಾರ ಸಿಟ್ಟು ದೊಡ್ಡದೋ ಅವರಿಗೆ ಮೊದಲು. ಮನೆ ಮಾಲೀಕರಿಗೆ, ಹಾಲಿನವನಿಗೆ, ಆಮೇಲೆ ಬೂಟಿಗೆ. ಕರೆಂಟ್ ಬಿಲ್ಲಿಗೆ ಸಿಟ್ಟೇ ಬರುವುದಿಲ್ಲ, ಅದು ಕೊನೆಗೆ. ಮೆಣಸು ಚೆನ್ನಾಗಿ ಓದುತ್ತಿದ್ದಾಳೆ. ಅವಳ ಬಾಯಿ ಇನ್ನೂ ಖಾರವೇ ಇದೆ.

ನಿಮಗೇನಾದರೂ ಸುದ್ದಿ ಬಂತೇ ಅತ್ತೆ? ಎಲ್ಲಿದ್ದಾರೆ ಅಂತ ಹೇಳಬೇಡಿ. ಇದ್ದಾರೆ ಅಂತ ಒಂದು ಮಾತು ಬರೆದರೆ ಸಾಕು.

ನಿಮ್ಮ ಸೊಸೆ


ಜನವರಿ 21

ಮಗಳೇ,

ಕಾಗದ ಬಂತು. ಫೋನ್ ಮಾರಿದ್ದು ಒಳ್ಳೆಯದೇ ಆಯಿತು.

ನನಗೆ ಯಾವ ಸುದ್ದಿಯೂ ಇಲ್ಲ. ಬಂದಿದ್ದರೆ ಹೇಳುತ್ತಿರಲಿಲ್ಲವೇ? ಎಲ್ಲಿದ್ದಾನೋ, ಉಂಡನೋ ಬಿಟ್ಟನೋ. ನೀನು ಚಹಾದ ಲೋಟ ಅಂತ ತಮಾಷೆ ಮಾಡಿದ್ದೀ, ನನಗೆ ನಗು ಬರಲಿಲ್ಲ. ಹೆಂಡತಿಯ ಎದುರು ಸೋತೆ ಅಂತ ಹೇಳಲಾಗದೆ ಎದ್ದು ಹೋದ ಗಂಡಸು ಅವನು. ಎಲ್ಲ ಅವನ ತಲೆಗೇ ಕಟ್ಟಬೇಡ.

ಇಲ್ಲಿ ನಾನು ನೋಡಿಕೊಳ್ಳುವ ಅಜ್ಜಿಗೆ ಎಡಗಾಲಿನ ಜೊತೆ ಈಗ ಎಡಗೈಯೂ ಬಿದ್ದುಹೋಗಿದೆ. ಹೊರಳಿಸುವುದು, ಒರೆಸುವುದು, ಉಣಿಸುವುದು ಎಲ್ಲ ನಾನೇ. ಡಾಕ್ಟರಮ್ಮ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಾಳೆ. ಹೆತ್ತ ತಾಯಿಯ ಕೋಣೆಗೆ ಬಂದು ನನ್ನನ್ನು ‘ಹೇಗಿದ್ದಾರೆ’ ಅಂತ ಕೇಳಿ ಹೋಗುತ್ತಾಳೆ. ನನಗೆ ಗ್ಯಾರೇಜಿನ ಹಿಂದಿನ ಕೋಣೆ ಕೊಟ್ಟಿದ್ದಾರೆ, ಅದೇ ಪುಣ್ಯ.

ಈ ಸಲ ದುಡ್ಡು ಅರ್ಧವೇ ಕಳಿಸಿದ್ದೇನೆ. ಹಲ್ಲುನೋವು ಬಂದು ಖರ್ಚಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು. ಹಾಲು ದಿನಾ ಯಾಕೆ? ಮೆಣಸು ಎಳೆಕೂಸಲ್ಲ. ಸಂಜೆ ಒಂದೇ ದೀಪ ಹಾಕು. ನಾನು ಮೂರು ಮಕ್ಕಳನ್ನು ಒಂದು ದೀಪದಲ್ಲೇ ಸಾಕಿದೆ.

ಅತ್ತೆ


ಫೆಬ್ರುವರಿ 6

ಅತ್ತೆಗೆ ನಮಸ್ಕಾರ.

ಒಂದು ದೀಪ ಹಾಕು ಅಂದಿರಿ. ಅದೂ ಇಲ್ಲ. ಕಳೆದ ವಾರ ಕರೆಂಟಿನವರು ಬಂದು ಫ್ಯೂಸ್ ಕಿತ್ತುಕೊಂಡು ಹೋದರು. ಕಿತ್ತ ಹುಡುಗ ಮರ್ಯಾದಸ್ಥ, ‘ಬೇಜಾರ್ ಮಾಡ್ಕೋಬೇಡಿ ಅಕ್ಕ’ ಅಂದ. ಮೆಣಸು ಮಹಡಿ ಮೆಟ್ಟಿಲ ದೀಪದಲ್ಲಿ ಕೂತು ಓದುತ್ತಾಳೆ. ಹತ್ತಿ ಇಳಿಯುವವರೆಲ್ಲ ಅವಳನ್ನು ದಾಟಿಕೊಂಡೇ ಹೋಗಬೇಕು.

ಚೆನ್ನಾಗಿ ಓದುತ್ತಿದ್ದಾಳೆ ಅಂತ ಬರೆದಿದ್ದೆ, ಅದು ಅರ್ಧ ನಿಜ. ನಿಮ್ಮ ಮಗನ ಫೋನಿನಿಂದ ಆ್ಯಪ್‌ನವರು ಎಲ್ಲ ಫೋಟೊ ಕದ್ದಿದ್ದಾರೆ. ಶಾಲೆಯ ತಂದೆತಾಯಿಗಳ ಗುಂಪಿಗೆ ಮೆಣಸಿನ ಫೋಟೊ ಕಳಿಸಿ, ಕೆಳಗೆ ‘ಕಳ್ಳನ ಮಗಳು’ ಅಂತ ಹಾಕಿದ್ದಾರೆ. ಅವಳು ಮೂರು ದಿನ ಶಾಲೆಗೆ ಹೋಗಲಿಲ್ಲ. ನಾಲ್ಕನೆಯ ದಿನ ತಾನೇ ಎದ್ದು ಜಡೆ ಹಾಕಿಕೊಂಡು ಹೋದಳು. ಬಂದು ‘ಏನಾಯ್ತೇ’ ಅಂದರೆ ‘ಏನಿಲ್ಲ, ಬೆಂಚಲ್ಲಿ ಜಾಗ ಜಾಸ್ತಿ ಸಿಗ್ತು’ ಅಂದಳು.

ಬ್ಯಾಂಕಿನಿಂದ ನೋಟಿಸ್ ಬಂದಿತ್ತು, ಹೋಗಿದ್ದೆ. ಅಲ್ಲಿನ ಅಧಿಕಾರಿ ಒಳ್ಳೆಯವರೇ. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು, ‘ನೋಡೀಮ್ಮಾ, ಈ ಸಾಲಕ್ಕೆ ವಿಮೆ ಇದೆ. ನಿಮ್ಮ ಯಜಮಾನರು ತೀರಿಕೊಂಡಿದ್ರೆ ಒಂದು ಪ್ರಮಾಣಪತ್ರ ತಂದ್ರೆ ಮುಗಿದುಹೋಗ್ತಿತ್ತು. ಕಾಣೆಯಾಗಿದ್ದಾರೆ ಅಂದ್ರೆ ಏಳು ವರ್ಷ ಕಾಯ್ಬೇಕು.’

‘ಅಲ್ಲೀತನಕ?’ ಅಂದೆ.

‘ಅಲ್ಲೀತನಕ ನೀವು ಕಟ್ಬೇಕು. ಮುಂದಿನ ತಿಂಗಳಿಂದ ಸಂಬಳದಲ್ಲೇ ಹಿಡಿಯೋಕೆ ಬರೀತೀವಿ. ಮೊದಲು ಪೊಲೀಸರಿಗೆ ಒಂದು ದೂರಾದ್ರೂ ಕೊಡಿ.’

ದೂರು ಕೊಟ್ಟು ಬಂದೆ. ದಾರಿಯುದ್ದಕ್ಕೂ ಅದೇ ಯೋಚನೆ. ಗಂಡ ಸತ್ತರೆ ಸಾಲ ಸಾಯುತ್ತದೆ, ಓಡಿಹೋದರೆ ಸಾಲ ಮನೆಯಲ್ಲೇ ಉಳಿಯುತ್ತದೆ. ಬಾಯಿಬಿಟ್ಟು ಹೇಳಬಾರದು, ಆದರೆ ನಿಮ್ಮ ಹತ್ತಿರವಲ್ಲದೆ ಇನ್ಯಾರ ಹತ್ತಿರ ಹೇಳಲಿ? ಯಾರಾದರೂ ಬಂದು ‘ಅವರಿಲ್ಲ’ ಅಂದರೆ ಅವತ್ತು ಅತ್ತು ಮುಗಿಸುತ್ತಿದ್ದೆ, ಮಾರನೆಯ ದಿನ ಮಗಳಿಗೆ ದೀಪ ಹಾಕಿಸುತ್ತಿದ್ದೆ.

ನಿಮ್ಮ ಹಲ್ಲುನೋವು ಹೇಗಿದೆ? ಡಾಕ್ಟರಮ್ಮ ಹಲ್ಲಿನ ಡಾಕ್ಟರೇ ಅಲ್ಲವೇ? ಮನೆಯವರ ಹತ್ತಿರವೂ ದುಡ್ಡು ತೆಗೆದುಕೊಳ್ಳುತ್ತಾರೆಯೇ?

ನಿಮ್ಮ ಸೊಸೆ


ಫೆಬ್ರುವರಿ 18

ನಿನ್ನ ಕಾಗದ ಓದಿದೆ.

ಕಟ್ಟಿಕೊಂಡವನ ಸಾವು ಬಯಸುವವಳು ನನ್ನ ಮನೆಗೆ ಸೊಸೆಯಾಗಿ ಬಂದಳೇ? ನಿನಗೆ ಗಂಡ, ಇನ್ನೊಬ್ಬನನ್ನು ನೋಡಿಕೊಳ್ಳಬಹುದು. ನನಗೆ ಮಗ. ಸಾಲ ಇವತ್ತಲ್ಲ ನಾಳೆ ತೀರುತ್ತದೆ. ಸಾಲ ಮಾಡಿದವರೆಲ್ಲ ಸಾಯಲೇಬೇಕು ಅಂದರೆ ಊರಿನಲ್ಲಿ ಯಾರೂ ಉಳಿಯುವುದಿಲ್ಲ.

ನನ್ನ ಹಲ್ಲಿನ ಚಿಂತೆ ನಿನಗೆ ಬೇಡ. ಈ ತಿಂಗಳು ಕಳಿಸಲು ಏನೂ ಇಲ್ಲ.

ಮಗುವಿನ ಫೋಟೊದ ವಿಷಯ ಓದಿ ಹೊಟ್ಟೆ ಉರಿಯಿತು. ಅವಳಿಗೆ ಹೇಳು, ಅಜ್ಜಿ ಕೇಳಿದಳು ಅಂತ.

ಅತ್ತೆ


ಮಾರ್ಚ್ 12

ಅತ್ತೆ,

ಇದನ್ನು ಕೂತುಕೊಂಡು ಓದಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಒಳ್ಳೆಯದು.

ಹೋದ ವಾರ ಪೊಲೀಸ್ ಪೇದೆಯೊಬ್ಬರು ಲಾಂಡ್ರಿಗೇ ಬಂದರು. ಗೋದಾಮುಗಳ ಹಿಂದಿನ ಕಾಲುವೆಯಲ್ಲಿ ಒಬ್ಬ ಗಂಡಸಿನ ದೇಹ ಸಿಕ್ಕಿದೆ, ನೀವು ದೂರಿನಲ್ಲಿ ಬರೆಸಿದ ವಯಸ್ಸಿಗೂ ಎತ್ತರಕ್ಕೂ ಹೊಂದುತ್ತದೆ, ಬಂದು ನೋಡಿ ಅಂದರು. ಶವಾಗಾರ ನಮ್ಮ ಆಸ್ಪತ್ರೆಯದೇ, ಲಾಂಡ್ರಿಯಿಂದ ಎರಡು ಬಾಗಿಲು ಆಚೆ. ಮೇಲೆ ಹೊದಿಸಿದ್ದ ಬಟ್ಟೆಯನ್ನು ಒಗೆದವಳೂ ನಾನೇ ಇರಬೇಕು.

ಅವರೇ.

ನೀರಿನಲ್ಲಿ ಇದ್ದದ್ದರಿಂದ ಇಟ್ಟುಕೊಳ್ಳುವ ಹಾಗಿರಲಿಲ್ಲ. ನಿಮಗೆ ತಿಳಿಸಿ, ನೀವು ಬರುವವರೆಗೆ ಕಾಯಲು ಅವರು ಒಪ್ಪಲಿಲ್ಲ. ಅವತ್ತೇ ಪುರಸಭೆಯ ಕರೆಂಟ್ ಚಿತಾಗಾರದಲ್ಲಿ ಮುಗಿಸಿದೆವು. ಕಾಲು ಜಾರಿ ಬಿದ್ದದ್ದು ಅಂತ ಪೊಲೀಸರು ಬರೆದಿದ್ದಾರೆ. ಮೆಣಸಿಗೆ ಅವರ ಮುಖ ತೋರಿಸಲಿಲ್ಲ. ಅವಳು ಅತ್ತ ಹಾಗೆ ಅಳುವುದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಪ್ರಮಾಣಪತ್ರ ಬಂತು. ಬ್ಯಾಂಕಿಗೆ ಕೊಟ್ಟೆ. ಬೂಟು, ಚಪ್ಪಲಿ ಇಬ್ಬರೂ ಬಂದಿದ್ದರು, ಅವರಿಗೂ ತೋರಿಸಿದೆ. ಬೂಟು ಓದಿ, ಹೊಸಿಲ ಹೊರಗೆ ಬೂಟು ಬಿಚ್ಚಿಟ್ಟು ಒಳಗೆ ಬಂದು ಕೈ ಮುಗಿದು ಹೋದ. ಮತ್ತೆ ಬಂದಿಲ್ಲ.

ನನ್ನ ಹಿಂದಿನ ಕಾಗದದ ಮಾತನ್ನು ಕ್ಷಮಿಸಿ. ನಿಮ್ಮನ್ನು ಹೇಗೆ ಸಮಾಧಾನ ಮಾಡಲಿ ಗೊತ್ತಾಗುತ್ತಿಲ್ಲ.

ನಿಮ್ಮ ಸೊಸೆ


ಮಾರ್ಚ್ 20

ಮಗಳೇ,

ಪಕ್ಕದಲ್ಲಿ ಯಾರಾದರೂ ಇದ್ದರೆ ಒಳ್ಳೆಯದು ಅಂತ ಬರೆದಿದ್ದೀ. ಇದ್ದ. ಅವನೇ ಇದ್ದ. ನನ್ನ ಎದುರು ಕೂತು ಊಟ ಮಾಡುತ್ತಿದ್ದ.

ನಾಲ್ಕು ತಿಂಗಳಾಯಿತು ಬಂದು. ಒಂದು ದಿನ ಗೇಟಿನ ಹತ್ತಿರ ನಿಂತಿದ್ದ, ಮೈಯಲ್ಲಿ ಜ್ವರ, ಮುಖದ ತುಂಬ ಗಡ್ಡ. ‘ಅವಳಿಗೆ ಹೇಳಿದ್ರೆ ಸಾಲದವರು ಅವಳ ಬಾಯಿ ಬಿಡಿಸ್ತಾರೆ, ಇಲ್ಲಿಗೂ ಬರ್ತಾರೆ. ಸ್ವಲ್ಪ ದಿನ ಅಮ್ಮ, ಎದ್ದು ನಿಲ್ಲೋವರೆಗೆ’ ಅಂದ. ಹೆತ್ತ ಕರುಳು, ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡೆ. ಡಾಕ್ಟರಮ್ಮನಿಗೂ ಗೊತ್ತಿಲ್ಲ. ಹಲ್ಲುನೋವು ಅವನದು. ನಿಮಗೆ ಕಳಿಸಬೇಕಾದದ್ದು ಅವನ ಹಲ್ಲಿಗೂ ಹೊಟ್ಟೆಗೂ ಹೋಯಿತು. ಇದ್ದಾರೆ ಅಂತ ಒಂದು ಮಾತು ಬರೆಯಿರಿ ಅಂತ ಕೇಳಿದ್ದೆ ನೀನು. ಅಷ್ಟನ್ನೂ ಬರೆಯಲಿಲ್ಲ.

ಕಾಗದವನ್ನು ಅವನ ಕೈಗೆ ಕೊಟ್ಟೆ. ಓದಿದ. ಮತ್ತೊಂದು ಸಲ ಓದಿದ. ಎದೆ ಬಡಿದುಕೊಳ್ಳುತ್ತಾನೆ, ಈಗಲೇ ಬಸ್ಸು ಹತ್ತುತ್ತಾನೆ ಅಂತ ನಾನು ನೋಡುತ್ತಾ ನಿಂತಿದ್ದೆ. ‘ಬಿಡಮ್ಮ, ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು’ ಅಂದ. ಇನ್ನಷ್ಟು ಅನ್ನ ಬಡಿಸಿಕೊಂಡ. ಆವತ್ತಿನಿಂದ ಅವನಿಗೆ ಒಳ್ಳೆ ನಿದ್ದೆ. ಗಡ್ಡ ಬೋಳಿಸಿದ್ದಾನೆ. ಕೋಣೆಯಲ್ಲಿ ಕೂತು ಮೆಲ್ಲಗೆ ಶಿಳ್ಳೆ ಹಾಕುತ್ತಾನೆ.

ಒಂದು ಮಾತು ಕೇಳುತ್ತೇನೆ, ಕೋಪದಿಂದಲ್ಲ. ನೀನು ತಪ್ಪಾಗಿ ನೋಡಿದೆಯೋ? ಇಲ್ಲಾ ಸರಿಯಾಗಿ ನೋಡಿಯೇ ತಪ್ಪು ಹೇಳಿದೆಯೋ?

ಅತ್ತೆ


ಏಪ್ರಿಲ್ 15

ಅತ್ತೆ,

ಸರಿಯಾಗಿ ನೋಡಿದ್ದೆ.

ಉತ್ತರಕ್ಕೆ ತಡವಾಯಿತು. ನಿಮ್ಮ ಕಾಗದ ಓದಿದಾಗ ಮೊದಲು ಮನಸ್ಸು ಹಗುರವಾಯಿತು. ತಾಯಿಗೆ ಮಗ ಸತ್ತ ಅಂತ ಸುಳ್ಳು ಬರೆದ ಪಾಪ ಇಲ್ಲವಲ್ಲ, ನೀವು ಅಳಲಿಲ್ಲವಲ್ಲ ಅಂತ. ಸಿಟ್ಟು ಆಮೇಲೆ ಬಂತು. ಬಂದದ್ದು ಹೋಗುತ್ತಿಲ್ಲ. ನನ್ನ ಮಗಳು ಮೆಟ್ಟಿಲ ಮೇಲೆ ಕೂತು ಓದುವಾಗ ಅವನು ನಿಮ್ಮ ಕೈಯಡುಗೆ ಉಣ್ಣುತ್ತಿದ್ದ. ಇನ್ನು ಅವನನ್ನು ‘ಅವರು’ ಅನ್ನಲು ನನ್ನಿಂದಾಗದು.

ಪೇದೆ ಬಟ್ಟೆ ಸರಿಸಿ, ‘ಚೆನ್ನಾಗಿ ನೋಡಿ ಹೇಳಿ, ಅವಸರ ಇಲ್ಲ’ ಅಂದರು. ನೋಡಿದೆ. ಬೇರೆ ಯಾರೋ. ಅವನಿಗಿಂತ ಚಿಕ್ಕವನು. ‘ಅಲ್ಲ’ ಅನ್ನಲು ಬಾಯಿ ತೆರೆದೆ. ಆ ತಿಂಗಳ ಸಂಬಳದ ಚೀಟಿ ಬೆಳಿಗ್ಗೆಯಷ್ಟೇ ಕೈಗೆ ಬಂದಿತ್ತು. ಬ್ಯಾಂಕಿನವರು ಹಿಡಿದು ಉಳಿದದ್ದರಲ್ಲಿ ಬಾಡಿಗೆಯೂ ಆಗುತ್ತಿರಲಿಲ್ಲ. ತೆರೆದ ಬಾಯಿಂದ ‘ಹೌದು’ ಅಂತ ಬಂತು. ಹಣೆಬರಹ ಅಂತ ಹೇಳುವುದಿಲ್ಲ. ನಾನೇ ಅಂದದ್ದು.

ಸಾಲ ಮುಗಿಯಿತು. ದೀಪ ಬಂತು. ವಿಮೆಯಲ್ಲಿ ಸ್ವಲ್ಪ ಮಿಕ್ಕು ನನ್ನ ಖಾತೆಗೂ ಬಿತ್ತು. ಯಾರೋ ದಿಕ್ಕಿಲ್ಲದವನು, ಕೊನೆಗೆ ಒಬ್ಬಳಾದರೂ ಅತ್ತಳಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಹಾಗೇ ಇದ್ದುಬಿಡುತ್ತಿದ್ದೆನೇನೋ.

ಮೊನ್ನೆ ಕೊನೆಯ ಸಹಿಗೆ ಅಂತ ಠಾಣೆಗೆ ಕರೆದಿದ್ದರು. ಬೆಂಚಿನ ಮೇಲೆ ನನ್ನ ವಯಸ್ಸಿನವಳೊಬ್ಬಳು ಕೂತಿದ್ದಳು. ಬಂದವರಿಗೆಲ್ಲ ಒಂದು ಫೋಟೊ ತೋರಿಸುತ್ತಿದ್ದಳು. ನನ್ನ ಮುಂದೆಯೂ ಹಿಡಿದಳು.

‘ಇವರನ್ನ ಎಲ್ಲಾದ್ರೂ ನೋಡಿದ್ದೀರಾ ಅಕ್ಕ? ನಮ್ಮ ಯಜಮಾನ್ರು. ಬೋರ್ಡ್ ಬರೆಯೋ ಕೆಲಸ.’

ಅದೇ ಮುಖ ಅತ್ತೆ. ಫೋಟೊದಲ್ಲಿ ನಗುತ್ತಿದ್ದ.

ಕಾಲುವೆ ಮೇಲಿನ ದೊಡ್ಡ ಬೋರ್ಡಿಗೆ ಬಣ್ಣ ಹಚ್ಚಲು ಹೋದವನು ಮರಳಿಲ್ಲವಂತೆ. ಗುತ್ತಿಗೆದಾರ, ‘ಮುಂಗಡ ತಗೊಂಡು ಓಡಿಹೋಗಿದ್ದಾನೆ’ ಅಂತ ಹೇಳಿ, ಅದನ್ನು ವಾಪಸ್ ಕೊಡು ಅಂತ ಇವಳ ಮನೆಗೆ ಆಳು ಕಳಿಸುತ್ತಿದ್ದಾನಂತೆ. ‘ಕೆಲಸದಲ್ಲಿದ್ದಾಗ ಬಿದ್ದು ಸತ್ತಿದ್ರೆ ಪರಿಹಾರ ಸಿಗ್ತಿತ್ತು, ಅಂಥ ಮಾತು ಬಾಯಲ್ಲಿ ಬರಬಾರದು, ಆದ್ರೂ ಹೇಳ್ತೀನಿ’ ಅಂದಳು. ‘ಯಾವಳನ್ನೋ ಕಟ್ಕೊಂಡು ಹೋದ ಅಂತ ಬೀದಿಯವರು ಅಂತಾರೆ. ಅವರು ಅಂಥೋರಲ್ಲ ಅಕ್ಕ.’

ನೋಡಿಲ್ಲ ಅಂದೆ. ಸಹಿ ಹಾಕಿ ಎದ್ದು ಬಂದೆ.

ನನ್ನ ಸಾಲ ಎಲ್ಲಿಗೂ ಹೋಗಿಲ್ಲ. ಅವಳ ಮನೆಗೆ ಹೋಗಿದೆ. ಏನು ಮಾಡಲಿ ಹೇಳಿ. ನಿಮ್ಮನ್ನು ಕೇಳಬಾರದು ಅಂದುಕೊಂಡಿದ್ದೆ, ಆದರೆ ಕೇಳಲು ನನಗೆ ಬೇರೆ ಯಾರೂ ಇಲ್ಲ.


ಏಪ್ರಿಲ್ 24

ಮಗಳೇ,

ಸುಮ್ಮನಿದ್ದುಬಿಡು ಅಂತ ಬರೆಯಲು ಕೂತೆ. ಆಗಿದ್ದು ಆಗಿಹೋಯಿತು, ನಮಗೊಬ್ಬಳು ಹೆಣ್ಣುಮಗುವಿದೆ, ಸತ್ತವನು ಎದ್ದು ಬರುವುದಿಲ್ಲ ಅಂತೆಲ್ಲ ಬರೆದಿದ್ದೆ. ಅವನು ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದ.

‘ಹಂಗೇ ಬರಿ. ಮಿಕ್ಕಿದ ದುಡ್ಡಲ್ಲಿ ಒಂದಷ್ಟು ಇಲ್ಲಿಗೆ ಕಳಿಸೋಕೆ ಹೇಳು. ಬೇರೆ ಕಡೆ ಹೊಸದಾಗಿ ಶುರು ಮಾಡ್ಬೇಕಲ್ಲ. ಲೆಕ್ಕ ಹಾಕಿದ್ರೆ ಅದು ನಂದೇ ದುಡ್ಡು’ ಅಂದ.

‘ಮಗಳು ಹೇಗಿದ್ದಾಳೆ ಅಂತ ಕೇಳಲೇನೋ?’ ಅಂದೆ.

‘ಅದನ್ನೂ ಕೇಳು’ ಅಂದ.

ಆ ಕಾಗದ ಹರಿದೆ. ‘ನಾನು ಅಲ್ಲಿಗೆ ಹೋಗ್ತೀನಿ, ನನ್ನ ಮಗ ಬದುಕಿದ್ದಾನೆ ಅಂತ ಪೊಲೀಸರ ಮುಂದೆ ಹೇಳ್ತೀನಿ, ಗಂಡಸಾಗಿದ್ರೆ ನೀನೂ ಬಾ’ ಅಂದೆ. ಹೋಗಿ ಮಲಗಿದ. ಬೆಳಿಗ್ಗೆ ನೋಡಿದರೆ ಕೋಣೆ ಖಾಲಿ. ಅಜ್ಜಿಯ ಔಷಧಿಗೆ ಅಂತ ಡಾಕ್ಟರಮ್ಮ ಅಡುಗೆಮನೆಯಲ್ಲಿ ಇಟ್ಟಿದ್ದ ಹಣವೂ ಇಲ್ಲ. ಡಾಕ್ಟರಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಪೊಲೀಸಿಗೆ ಕೊಡುವುದಿಲ್ಲ, ಸಂಬಳವನ್ನೂ ಕೊಡುವುದಿಲ್ಲ, ಹೊರಡಿ ಅಂದಳು. ಅಜ್ಜಿ ನನ್ನ ಸೆರಗನ್ನು ಬಲಗೈಯಲ್ಲಿ ಹಿಡಿದುಕೊಂಡಿತ್ತು. ಬೆರಳು ಒಂದೊಂದಾಗಿ ಬಿಡಿಸಿ ಬಂದೆ.

ಶುಕ್ರವಾರದ ಬಸ್ಸಿಗೆ ಬರುತ್ತೇನೆ. ನೀನು ಮಾಡಬೇಕು ಅಂದುಕೊಂಡದ್ದನ್ನು ಮಾಡು. ಮಗುವನ್ನು ನಾನು ನೋಡಿಕೊಳ್ಳುತ್ತೇನೆ.

ಅತ್ತೆ


ಜುಲೈ 2

ಅತ್ತೆ,

ಇಲ್ಲಿಂದ ಬರೆಯುವ ಕಾಗದವನ್ನು ಜೈಲಿನವರು ಓದಿ ಕಳಿಸುತ್ತಾರೆ. ಠಾಣೆಯಲ್ಲಿ ನಾನೇ ಎಲ್ಲ ಒಪ್ಪಿಕೊಂಡು ಬಂದವಳು, ಓದಲಿ.

ಕರೆಂಟ್ ಬಿಲ್ಲನ್ನು ತಿಂಗಳ ಹತ್ತರೊಳಗೆ ಕಟ್ಟಿಬಿಡಿ, ತಡವಾದರೆ ದಂಡ ಹಾಕುತ್ತಾರೆ. ಬಾಡಿಗೆಯನ್ನು ಮಾಲೀಕರ ಕೈಗೆ ಕೊಡಬೇಡಿ, ಅವರ ಹೆಂಡತಿಯ ಕೈಗೆ ಕೊಟ್ಟು ಚೀಟಿ ಬರೆಸಿಕೊಳ್ಳಿ. ಆಕೆಗೆ ಎರಡು ದಿನ ಕಾಯಿರಿ ಅಂದರೆ ಕಾಯುತ್ತಾರೆ. ನನ್ನ ಜಾಗದಲ್ಲಿ ನಿಮ್ಮನ್ನು ಲಾಂಡ್ರಿಗೆ ತೆಗೆದುಕೊಂಡದ್ದು ದೊಡ್ಡದು. ಬಿಸಿ ಬಟ್ಟೆ ತೆಗೆಯುವಾಗ ಬರಿಗೈ ಹಾಕಬೇಡಿ, ಉಗಿ ಹೊಡೆಯುತ್ತದೆ. ಬ್ಯಾಂಕಿನವರು ಸಾಲ ಮತ್ತೆ ತೆರೆದಿದ್ದಾರೆ ಅಂತ ವಕೀಲರು ಹೇಳಿದರು. ತೆರೆಯಲಿ. ಬೂಟು, ಚಪ್ಪಲಿ ಬಂದರೆ ಬಾಗಿಲು ಹಾಕಿಕೊಳ್ಳಬೇಡಿ, ಎದುರು ನಿಂತು ಮಾತಾಡಿ. ನಿಮ್ಮ ಬಾಯಿಗೆ ಅವರು ಹೆದರುತ್ತಾರೆ.

ಜಾಮೀನು ಸಿಕ್ಕಿದರೆ ಹೊರಗೆ ಬರಬಹುದಂತೆ. ಯಾರು ಕೊಡುತ್ತಾರೆ? ಜಾಮೀನು ಹಾಕಿಯೇ ಇಲ್ಲಿಗೆ ಬಂದವಳು ನಾನು ಅಂದೆ. ವಕೀಲರಿಗೂ ನಗು ಬಂತು.

ಮೆಣಸು ನೋಡಲು ಬಂದು ಒಂದು ಮಾತೂ ಆಡದೆ ಹೋದಳು. ಬಯ್ಯಬೇಡಿ. ಅಪ್ಪನಿಗಾಗಿ ಅತ್ತು ಮುಗಿಸಿದ್ದವಳು, ಈಗ ಅವನು ಬದುಕಿದ್ದಾನೆ, ಆದರೂ ಬರಲಿಲ್ಲ ಅಂತ ಗೊತ್ತಾಗಿದೆ. ಅವಳಿಗೆ ಯಾರ ಮೇಲೆ ಖಾರ ಕಾರಬೇಕೋ ತಿಳಿಯುತ್ತಿಲ್ಲ. ನನ್ನ ಮೇಲೇ ಕಾರಲಿ.

ನಿನ್ನೆ ಬೋರ್ಡ್ ಬರೆಯುವವನ ಹೆಂಡತಿ ಬಂದಿದ್ದಳು. ಜಾಲರಿಯ ಆಚೆ ಕೂತಿದ್ದಳು. ಉಗಿಯುತ್ತಾಳೆ ಅಂದುಕೊಂಡಿದ್ದೆ. ಗುತ್ತಿಗೆದಾರನ ಮೇಲೆ ಕೇಸು ಹಾಕಿದ್ದಾಳಂತೆ, ತೀರ್ಮಾನವಾಗಲು ವರ್ಷಗಳೇ ಬೇಕಂತೆ. ಮನೆ ಬಿಟ್ಟು ಅಣ್ಣನ ಮನೆಯಲ್ಲಿದ್ದಾಳೆ.

‘ಪೊಲೀಸರು ಫೋಟೊ ತೋರಿಸಿದ್ರು. ಅದರಲ್ಲಿ ಅವರು ಕಾಣ್ಲೇ ಇಲ್ಲ, ಬರೀ ಹೆಣ ಕಾಣಿಸ್ತು’ ಅಂದಳು. ‘ಹತ್ತಿರದಿಂದ ನೋಡಿದ್ದು ನೀವೊಬ್ರೇ. ಹೇಗಿದ್ರು ಹೇಳಿ.’

ಹೇಳಿದೆ. ನನಗೆ ಒಂದೊಂದೂ ನೆನಪಿತ್ತು. ಕಣ್ಣು ಪೂರ್ತಿ ಮುಚ್ಚಿರಲಿಲ್ಲ, ರೆಪ್ಪೆಯ ಕೂದಲು ಉದ್ದ, ಅದರಲ್ಲಿ ಮರಳು ಸಿಕ್ಕಿತ್ತು ಅಂದೆ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ, ನೀರಿಗೂ ಬಿಟ್ಟಿರಲಿಲ್ಲ. ಕೆಳತುಟಿಯ ಕೆಳಗೆ ಮಚ್ಚೆ. ಶರ್ಟಿನ ಮೂರನೆಯ ಗುಂಡಿ ಮಾತ್ರ ಬೇರೆ ಬಣ್ಣದ್ದು.

‘ಅದು ನಾನು ಹಾಕಿದ್ದು’ ಅಂದಳು.

ಜಾಲರಿಗೆ ಇನ್ನಷ್ಟು ಹತ್ತಿರ ಸರಿದಳು. ಆಮೇಲೆ ಇನ್ನೂ ಹೇಳಿ ಅಂದಳು. ಗಂಟೆ ಹೊಡೆಯುವವರೆಗೆ ಹೇಳಿದೆ. ಮುಂದಿನ ವಾರವೂ ಬರುತ್ತೇನೆ ಅಂತ ಎದ್ದು ಹೋದಳು.

ಅವಳಿಗೆ ಹೇಳದೆ ಬಾಕಿ ಉಳಿದದ್ದು ಇನ್ನೇನಿದೆ ಅಂತ ನಿನ್ನೆಯಿಂದ ಕೂತು ನೆನಪು ಮಾಡಿಕೊಳ್ಳುತ್ತಿದ್ದೇನೆ.

ನಿಮ್ಮ ಸೊಸೆ